ಗುಜರಿಯ ತಕ್ಕಡಿಯಿಂದ ಸಂಗ್ರಾಹಕರ ಅಂಗಳಕ್ಕೆ: ಹಳೆಯ ಬೀಡುಕಬ್ಬಿಣದ ವಹಿವಾಟು

ಊರಿನ ಹಳೆಯ ಮುದ್ರಣಾಲಯವೊಂದು ಬಾಗಿಲು ಮುಚ್ಚಿದಾಗ ಅಲ್ಲಿಗೆ ಮೊದಲು ಬರುವವರು ಗುಜರಿ ವ್ಯಾಪಾರಿಗಳು. ಅಚ್ಚುಮೊಳೆಗಳು ಸೀಸದ ದರಕ್ಕೆ, ಮರದ ಕೇಸುಗಳು ಸೌದೆಯ ದರಕ್ಕೆ, ಟ್ರೆಡಲ್ ಯಂತ್ರ ಬೀಡಿನ ದರಕ್ಕೆ ಮಾರಾಟವಾಗುತ್ತವೆ. ಯಂತ್ರ ಬಾಗಿಲಿನಲ್ಲಿ ಹಿಡಿಸದಿದ್ದರೆ ಅಲ್ಲಿಯೇ ಸುತ್ತಿಗೆಯಿಂದ ಒಡೆದು ಲಾರಿಗೆ ಏರಿಸುವುದೂ ಉಂಟು. ಬೀಡು ಪೆಡಸು ಲೋಹವಾದ್ದರಿಂದ ನಾಲ್ಕಾರು ಏಟುಗಳಿಗೆ ದೊಡ್ಡ ಚಕ್ರವೂ ಹೋಳಾಗುತ್ತದೆ. ಅದೇ ಯಂತ್ರ ಇಡಿಯಾಗಿ ಉಳಿದು, ತುಕ್ಕು ತೆಗೆಸಿಕೊಂಡು, ನಗರದ ಹೋಟೆಲೊಂದರ ಸ್ವಾಗತಕೊಠಡಿಯಲ್ಲಿ ನಿಂತರೆ ಅದರ ಬೆಲೆಯನ್ನು ಯಾರೂ ಕಿಲೋ ಲೆಕ್ಕದಲ್ಲಿ ಕೇಳುವುದಿಲ್ಲ. ತೂಕದ ಬೆಲೆಗೂ ನಗದ ಬೆಲೆಗೂ ನಡುವಣ ಈ ಅಂತರವೇ ಹಳೆಯ ಬೀಡುಕಬ್ಬಿಣದ ಸಾಮಗ್ರಿಗಳ ವ್ಯಾಪಾರಕ್ಕೆ ಆಧಾರ.

ಹೊಲಿಗೆಯಂತ್ರದ ಕಾಲುಗಳು, ಉದ್ಯಾನದ ಆಸನಗಳು, ಸುರುಳಿ ಮೆಟ್ಟಿಲುಗಳು, ಮಾಳಿಗೆಮನೆಯ ಕಂಬಗಳು, ಕಟಕಟೆಗಳು, ದೀಪಸ್ತಂಭಗಳು, ವೇದಿಕೆ ತಕ್ಕಡಿಗಳು, ತೂಕದ ಬಟ್ಟುಗಳು, ಕಬ್ಬಿನ ಗಾಣಗಳು, ಮೇವು ಕತ್ತರಿಸುವ ಯಂತ್ರಗಳು ಇವೆಲ್ಲವೂ ಈಗ ಸಂಗ್ರಾಹಕರ ಪಟ್ಟಿಯಲ್ಲಿವೆ. ಇವುಗಳಲ್ಲಿ ಹಲವು ಇಂದಿಗೂ ವರ್ತಕರ ಉಗ್ರಾಣಗಳ ಮೂಲೆಯಲ್ಲಿಯೋ ಕಾರ್ಖಾನೆಗಳ ಹಿತ್ತಲಿನಲ್ಲಿಯೋ ಬಿದ್ದಿವೆ. ಅವುಗಳನ್ನು ಗುರುತಿಸಬಲ್ಲ ಕಣ್ಣು, ಕಾಪಾಡುವ ಕ್ರಮ ಹಾಗೂ ಮಾರುವಾಗ ಪಾಲಿಸಬೇಕಾದ ಕಾನೂನು ಇವು ಮೂರೂ ಗೊತ್ತಿರದಿದ್ದರೆ ಲಾಭಕ್ಕಿಂತ ತೊಂದರೆಯೇ ಹೆಚ್ಚು.

ಲೋಹದ ಗುಣ, ಕಾಲದ ಗುರುತು

ಬೀಡುಕಬ್ಬಿಣದಲ್ಲಿ ಇಂಗಾಲದ ಪ್ರಮಾಣ ಸಾಮಾನ್ಯವಾಗಿ ಶೇಕಡಾ 2ರಿಂದ 4ರಷ್ಟು. ಉಕ್ಕು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಕರಗಿದರೆ ಬೀಡು 1,150ರಿಂದ 1,200 ಡಿಗ್ರಿಯ ಆಸುಪಾಸಿನಲ್ಲಿಯೇ ನೀರಾಗುತ್ತದೆ. ಹೀಗೆ ಸುಲಭವಾಗಿ ಕರಗಿ, ಮರಳಿನ ಅಚ್ಚಿನ ಸಣ್ಣ ಸಂದುಗೊಂದಿಗಳಿಗೂ ಹರಿಯುವ ಗುಣದಿಂದಾಗಿಯೇ ಎಲೆ, ಹೂ, ಬಳ್ಳಿ, ಸಿಂಹಮುಖಗಳ ಕುಸುರಿಯನ್ನು ಅದರಲ್ಲಿ ಸಾವಿರಗಟ್ಟಲೆ ಪ್ರತಿಗಳಲ್ಲಿ ಮೂಡಿಸಲು ಸಾಧ್ಯವಾಯಿತು. ಭಾರ ಹೊರುವುದರಲ್ಲಿ ಬೀಡು ಬಲು ಗಟ್ಟಿ. ಎಳೆತಕ್ಕೂ ಹೊಡೆತಕ್ಕೂ ದುರ್ಬಲ. ಆದ್ದರಿಂದ ಅದನ್ನು ಕಂಬವಾಗಿ ನಿಲ್ಲಿಸಿದರು, ಪೀಠವಾಗಿ ಇಟ್ಟರು, ಯಂತ್ರದ ಹಾಸಾಗಿ ಬಳಸಿದರು.

ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಅಬ್ರಹಾಂ ಡಾರ್ಬಿ 1709ರಲ್ಲಿ ಇದ್ದಲಿನ ಬದಲು ಕೋಕ್ ಬಳಸಿ ಕಬ್ಬಿಣ ತೆಗೆದ ನಂತರ ಎರಕದ ಸರಕು ಅಗ್ಗವಾಗತೊಡಗಿತು. 1779ರಲ್ಲಿ ಅದೇ ಪರಿಸರದ ಸೆವರ್ನ್ ನದಿಗೆ ಅಡ್ಡಲಾಗಿ ಎರಕದ ಕಬ್ಬಿಣದ ಸೇತುವೆ ಎದ್ದು ನಿಂತಿತು. ಹತ್ತೊಂಬತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಕೋಲ್‌ಬ್ರೂಕ್‌ಡೇಲ್ ಕಂಪನಿಯು ಉದ್ಯಾನದ ಆಸನಗಳಿಗೂ ಹೆಸರಾಗಿತ್ತು. ಜರೀಗಿಡದ ಎಲೆಗಳೂ ಕಾಡುಹಣ್ಣಿನ ಬಳ್ಳಿಗಳೂ ಹೆಣೆದುಕೊಂಡಿರುವ ಅದರ 1858ರ ವಿನ್ಯಾಸವು ಇಂದಿಗೂ ಸಂಗ್ರಾಹಕರು ಹುಡುಕುವ ನಮೂನೆಗಳಲ್ಲೊಂದು. ಅತಿ ಹೆಚ್ಚು ನಕಲಾಗಿರುವ ನಮೂನೆಗಳಲ್ಲಿಯೂ ಒಂದು.

ಕರ್ನಾಟಕಕ್ಕೆ ಹತ್ತಿರವಾದ ಹೆಸರು ಗ್ಲಾಸ್ಗೋ ನಗರದ ಸ್ಯಾರಸೆನ್ ಫೌಂಡ್ರಿಯದು. ವಾಲ್ಟರ್ ಮ್ಯಾಕ್‌ಫಾರ್ಲೇನ್ ಕಂಪನಿಯ ಈ ಎರಕಶಾಲೆಯು ಸಚಿತ್ರ ಕ್ಯಾಟಲಾಗ್ ಅಚ್ಚು ಹಾಕಿಸಿ, ಕಾರಂಜಿ, ಸಂಗೀತ ಮಂಟಪ, ದೀಪಸ್ತಂಭ, ಕಂಬ, ಕಮಾನುಗಳನ್ನು ಬಿಡಿಭಾಗಗಳಾಗಿ ಹಡಗಿಗೆ ಏರಿಸಿ ಪ್ರಪಂಚದ ಮೂಲೆಮೂಲೆಗೆ ಕಳುಹಿಸುತ್ತಿತ್ತು. ಗ್ರಾಹಕ ಪುಟದ ಸಂಖ್ಯೆ, ನಮೂನೆಯ ಸಂಖ್ಯೆ ಬರೆದು ಕಳುಹಿಸಿದರೆ ಸಾಕಾಗಿತ್ತು. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ ಬೆಂಗಳೂರು ಲಾಲ್‌ಬಾಗಿನ ಗಾಜಿನ ಮನೆಗೂ, 1897ರ ಬೆಂಕಿಯ ತರುವಾಯ ಹೆನ್ರಿ ಇರ್ವಿನ್ ವಿನ್ಯಾಸದಂತೆ ಕಟ್ಟಿ 1912ರಲ್ಲಿ ಮುಗಿದ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳಿಗೂ ಎರಕ ಬಂದದ್ದು ಅಲ್ಲಿಂದಲೇ. ಸ್ಯಾರಸೆನ್ ಫೌಂಡ್ರಿ 1967ರಲ್ಲಿ ಮುಚ್ಚಿತು. ಅದರ ಕ್ಯಾಟಲಾಗುಗಳು ಮಾತ್ರ ಮರುಮುದ್ರಣಗೊಂಡು, ತುಂಡಾದ ಕಟಕಟೆಯೊಂದರ ಮೂಲ ರೂಪ ಹುಡುಕುವವರಿಗೆ ಈಗಲೂ ಉಪಯೋಗಕ್ಕೆ ಬರುತ್ತಿವೆ.

ಸ್ವದೇಶಿ ಎರಕದ ಚರಿತ್ರೆಯೂ ಕಡಿಮೆಯದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿ ಕೆಡುತ್ತದೆಂಬ ನಂಬಿಕೆಯಿಂದ ರೈತರು ಆ ನೇಗಿಲನ್ನು ಬಹುಕಾಲ ಮುಟ್ಟಲಿಲ್ಲ. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನದ ಕಿರ್ಲೋಸ್ಕರವಾಡಿಗೆ ಸ್ಥಳಾಂತರಗೊಂಡಿತು. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯ ಫಲವಾಗಿ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಇದ್ದಲಿನ ಕುಲುಮೆಯಿಂದ ಬೀಡು ಹೊರತೆಗೆಯಿತು. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳು ರಾಜ್ಯದ ಅದೆಷ್ಟೋ ವರ್ಕ್‌ಶಾಪುಗಳನ್ನು ಸಾಕಿವೆ. ವಿದೇಶಿ ಹೆಸರಿನ ಹಿಂದೆ ಓಡುವ ಸಂಗ್ರಾಹಕರು ಈ ಸ್ವದೇಶಿ ಸರಕನ್ನು ಕಡೆಗಣಿಸುತ್ತಿದ್ದಾರೆ. ಅದು ತಪ್ಪು ಲೆಕ್ಕಾಚಾರ.

ವರ್ತಕರ ಮನೆಯಲ್ಲಿಯೇ ಇರುವ ಸಂಪತ್ತು

ಸಂಗ್ರಹವನ್ನು ಆರಂಭಿಸಲು ವರ್ತಕನಿಗೆ ಅವನ ಗಲ್ಲಾಪೆಟ್ಟಿಗೆಯ ಪಕ್ಕದ ವಸ್ತುಗಳೇ ಸಾಕು. ಬರ್ಮಿಂಗ್‌ಹ್ಯಾಮಿನ ಏವರಿ ಕಂಪನಿಯ ತಕ್ಕಡಿಗಳು ದೇಶದ ಮಂಡಿಗಳಲ್ಲಿ ಮನೆಮಾತಾಗಿದ್ದವು. ಬೌಲ್ಟನ್ ಮತ್ತು ವಾಟ್ ಜೋಡಿಯು ಉಗಿಯಂತ್ರಗಳಿಗಾಗಿ 1795ರಲ್ಲಿ ಸ್ಥಾಪಿಸಿದ ಸೋಹೋ ಫೌಂಡ್ರಿಯನ್ನು 1895ರಲ್ಲಿ ವಹಿಸಿಕೊಂಡದ್ದು ಇದೇ ಏವರಿ ಕಂಪನಿ. ವೇದಿಕೆ ತಕ್ಕಡಿಯ ಕಂಬದ ಮೇಲಿನ ಉಬ್ಬಕ್ಷರ, ಹಿತ್ತಾಳೆಯ ದಂಡ, ಎರಕದ ಪೀಠ ಮೂರೂ ಒಂದೇ ಯಂತ್ರದವಾಗಿದ್ದರೆ ಬೆಲೆ ಹೆಚ್ಚು. ಬೇರೆ ಬೇರೆ ಯಂತ್ರಗಳಿಂದ ಕೂಡಿಸಿದ್ದಾದರೆ ಅದು ಅಲಂಕಾರದ ವಸ್ತು ಮಾತ್ರ.

ತೂಕದ ಬಟ್ಟುಗಳ ಕಥೆ ಇನ್ನೂ ಸ್ವಾರಸ್ಯಕರ. 1956ರ ಶಾಸನದ ಮೇರೆಗೆ 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಬಂದವು. 1962ರ ಏಪ್ರಿಲ್‌ನಿಂದ ಕಡ್ಡಾಯವಾದವು. ಸೇರು, ಮಣಗಳ ಬಟ್ಟುಗಳು ಅಂದಿನಿಂದ ವ್ಯವಹಾರದಿಂದ ಹೊರಗುಳಿದವು. ಎರಕದ ಬಟ್ಟನ್ನು ತಿರುಗಿಸಿ ನೋಡಿದರೆ ಸೀಸ ತುಂಬಿದ ಕುಳಿಯೊಂದು ಕಾಣುತ್ತದೆ. ತೂಕ ಸರಿಹೊಂದಿಸಲು ತುಂಬುವ ಈ ಸೀಸದ ಮೇಲೆಯೇ ತೂಕ ಮತ್ತು ಅಳತೆ ಇಲಾಖೆಯ ನಿರೀಕ್ಷಕರು ಮುದ್ರೆ ಒತ್ತುತ್ತಿದ್ದರು. ವರ್ಷ ಹಾಗೂ ತ್ರೈಮಾಸಿಕವನ್ನು ತಿಳಿಸುವ ಆ ಮುದ್ರೆಗಳು ಒಂದರ ಮೇಲೊಂದು ಬಿದ್ದಿರುವ ಬಟ್ಟು ತಾನು ಎಷ್ಟು ವರ್ಷ ದುಡಿಯಿತೆಂಬುದನ್ನು ತಾನೇ ಹೇಳುತ್ತದೆ. ಆದ್ದರಿಂದ ಹೊಳಪಿಗೆಂದು ಸೀಸದ ಭಾಗವನ್ನು ಉಜ್ಜಬಾರದು. ಇನ್ನೊಂದು ಎಚ್ಚರಿಕೆ: ಇಂತಹ ಬಟ್ಟುಗಳನ್ನು ಅಂಗಡಿಯ ತಕ್ಕಡಿಯ ಬಳಿ ಇಡುವುದು ಸಲ್ಲದು. ಬಳಕೆಗಾಗಿ ಇಟ್ಟುಕೊಂಡದ್ದೆಂಬ ಆಕ್ಷೇಪಕ್ಕೆ ಅದು ದಾರಿ. ಗಾಜಿನ ಕಪಾಟಿನಲ್ಲಿ ಪ್ರತ್ಯೇಕವಾಗಿರಲಿ.

ಹೊಲಿಗೆಯಂತ್ರದ ಕಾಲುಗಳು ಅತಿ ಹೆಚ್ಚು ಕೈ ಬದಲಾಯಿಸುವ ಸರಕು. ಸಿಂಗರ್ ಕಂಪನಿಯ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆ 1980ರವರೆಗೆ ನಡೆಯಿತು. ಯಂತ್ರದ ತಲೆಯ ಮೇಲಿನ ಕ್ರಮಸಂಖ್ಯೆಯಿಂದ ತಯಾರಿಕೆಯ ವರ್ಷ ಗೊತ್ತಾಗುತ್ತದೆ. ತಲೆಯನ್ನು ಗುಜರಿಗೆ ಹಾಕಿ ಕಾಲಿನ ಮೇಲೆ ಅಮೃತಶಿಲೆಯ ಹಾಸು ಕೂರಿಸಿ ಮೇಜು ಮಾಡುವವರು ವಸ್ತುವಿನ ಜನ್ಮಪತ್ರಿಕೆಯನ್ನೇ ಹರಿದುಹಾಕಿದಂತೆ. ಕನಿಷ್ಠಪಕ್ಷ ಆ ಸಂಖ್ಯೆಯನ್ನಾದರೂ ಬರೆದಿಟ್ಟುಕೊಳ್ಳಬೇಕು.

ಅಸಲು ಯಾವುದು, ನಕಲು ಯಾವುದು

ಈ ವಹಿವಾಟಿನ ದೊಡ್ಡ ಪಿಡುಗು ನಕಲು ಸರಕಿನದು. ಜೋಧಪುರದ ರಫ್ತುದಾರರು ಹಳೆಯ ಕಾರ್ಖಾನೆಯ ಶೈಲಿಯ ಮೇಜು, ಸ್ಟೂಲುಗಳನ್ನು ಎರಕದ ಕಾಲು, ಕೈತಿರುಗಣೆಗಳ ಸಮೇತ ಹೇರಳವಾಗಿ ತಯಾರಿಸುತ್ತಾರೆ. ಹೊಸದೆಂದು ಹೇಳಿಯೇ ಮಾರಿದರೆ ಅದು ಗೌರವದ ಉದ್ಯಮ. ಅದನ್ನೇ ಉಪ್ಪುನೀರಿನಲ್ಲಿ ತುಕ್ಕು ಹಿಡಿಸಿ ಬ್ರಿಟಿಷರ ಕಾಲದ್ದೆಂದು ಮಾರುವುದು ಮೋಸ. ಅಂತಹ ಒಂದು ಮಾರಾಟ ಬಯಲಾದರೆ ಆ ಬೀದಿಯ ಪ್ರಾಮಾಣಿಕ ವ್ಯಾಪಾರಿಗಳ ಮಾತನ್ನೂ ಗ್ರಾಹಕ ನಂಬುವುದಿಲ್ಲ.

ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ, ಅಳತೆಪಟ್ಟಿ ಸಾಕು. ಕರಗಿದ ಬೀಡು ತಣ್ಣಗಾಗುವಾಗ ಶೇಕಡಾ 1ರಷ್ಟು, ಅಂದರೆ ಅಡಿಗೆ ಸುಮಾರು ಎಂಟನೇ ಒಂದು ಅಂಗುಲ ಕುಗ್ಗುತ್ತದೆ. ಎರಕಶಾಲೆಯ ಪ್ಯಾಟರ್ನ್ ತಯಾರಕರು ಇದಕ್ಕಾಗಿಯೇ ಮರದ ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡುತ್ತಾರೆ. ಆದರೆ ನಕಲು ಮಾಡುವವನು ಅಸಲು ವಸ್ತುವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುತ್ತಾನೆ. ಹಾಗಾಗಿ ನಾಲ್ಕು ಅಡಿ ಉದ್ದದ ಆಸನದ ನಕಲು ಅಸಲಿಗಿಂತ ಅರ್ಧ ಅಂಗುಲ ಗಿಡ್ಡವಾಗಿರುತ್ತದೆ. ನಕಲಿನ ನಕಲಾದರೆ ಒಂದು ಅಂಗುಲ. ಕ್ಯಾಟಲಾಗಿನ ಅಳತೆ ಅಥವಾ ನಂಬಲರ್ಹ ಅಸಲಿನ ಅಳತೆ ಕೈಯಲ್ಲಿದ್ದರೆ ಅನೇಕ ವಾದಗಳು ಅಲ್ಲಿಗೇ ಮುಗಿಯುತ್ತವೆ.

ಮೇಲ್ಮೈಯ ಮೇಲೆ ಬೆರಳಾಡಿಸಿಯೂ ತಿಳಿಯಬಹುದು. ಹಳೆಯ ಒಳ್ಳೆಯ ಎರಕಶಾಲೆಗಳು ನುಣುಪಾದ ಮರಳು ಬಳಸಿ, ಅಚ್ಚಿನ ಎರಡು ಅರ್ಧಗಳು ಕೂಡುವ ಗೆರೆಯನ್ನು ಅರದಿಂದ ಉಜ್ಜಿ ಅಳಿಸುತ್ತಿದ್ದವು. ಎಲೆಯ ನರಗಳು ಚೂಪಾಗಿ ಕಾಣುತ್ತಿದ್ದವು. ಅವಸರದ ನಕಲಿನಲ್ಲಿ ಮರಳಿನ ಒರಟು ಕಾಳು, ಮೊಂಡಾದ ಕುಸುರಿ, ಗ್ರೈಂಡರ್ ತಿರುಗಿದ ಗೀರುಗಳು ಕಾಣಸಿಗುತ್ತವೆ. ಕೈ ತಾಗುವ, ಕಾಲು ಇಡುವ ಕಡೆ ಸವೆದಿರಬೇಕು. ಎಲ್ಲ ಕಡೆಯೂ ಒಂದೇ ಸಮ ಸವೆದಿದ್ದರೆ ಅನುಮಾನ ಸಹಜ. ಹಳೆಯ ತುಕ್ಕು ಕಡುಕಂದು ಬಣ್ಣದ್ದಾಗಿ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಬಲವಂತದಿಂದ ಬರಿಸಿದ ತುಕ್ಕು ಕಿತ್ತಳೆ ಬಣ್ಣದ ಪುಡಿಯಾಗಿ ಬೆರಳಿಗೆ ಹತ್ತುತ್ತದೆ.

ಬೋಲ್ಟುಗಳೂ ಸಾಕ್ಷಿ ಹೇಳುತ್ತವೆ. ಚೌಕ ನಟ್ಟುಗಳು, ಒಂದೇ ಸೀಳಿನ ತಲೆಯ ತಿರುಪುಗಳು ಹಳೆಯ ಕಾಲದವು. ಕೂಡುಗುರುತಿನ ತಲೆಯ ಫಿಲಿಪ್ಸ್ ತಿರುಪು ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಬ್ರಿಟನ್ನಿನ ಹಳೆಯ ಯಂತ್ರಗಳಲ್ಲಿ 1841ರಲ್ಲಿ ಜೋಸೆಫ್ ವಿಟ್‌ವರ್ತ್ ರೂಪಿಸಿದ 55 ಡಿಗ್ರಿ ಕೋನದ ತಿರುಪುಸುತ್ತು ಇರುತ್ತದೆ. ಮೆಟ್ರಿಕ್ ಬೋಲ್ಟು ಸಿಕ್ಕಿದರೆ ಒಂದೋ ಅದನ್ನು ಆಮೇಲೆ ಹಾಕಿರಬೇಕು, ಇಲ್ಲವೇ ವಸ್ತುವೇ ಹೊಸದಿರಬೇಕು. ಒಂದೇ ಬೋಲ್ಟು ನೋಡಿ ತೀರ್ಮಾನಕ್ಕೆ ಬರುವುದು ತರವಲ್ಲ, ಎಲ್ಲವನ್ನೂ ನೋಡಬೇಕು.

ಬ್ರಿಟನ್ನಿನ ಸರಕಿನ ಹಿಂಬದಿಯಲ್ಲಿ ವಜ್ರಾಕೃತಿಯ ಗುರುತು ಕಂಡರೆ ಅದು 1842ರಿಂದ 1883ರ ನಡುವೆ ನೋಂದಾಯಿತವಾದ ವಿನ್ಯಾಸ. ಮೇಲ್ತುದಿಯ ವೃತ್ತದಲ್ಲಿರುವ ರೋಮನ್ ಒಂದು ಲೋಹದ ವರ್ಗವನ್ನು ಸೂಚಿಸುತ್ತದೆ. ಮೂಲೆಗಳ ಅಕ್ಷರ, ಅಂಕೆಗಳಿಂದ ದಿನ, ತಿಂಗಳು, ವರ್ಷಗಳನ್ನು ಓದಬಹುದು. 1884ರಿಂದ ಇದರ ಬದಲು ಕ್ರಮಸಂಖ್ಯೆ ಬಂತು. 1900ರ ಆರಂಭಕ್ಕೆ ಅದು ಮೂರೂವರೆ ಲಕ್ಷ ದಾಟಿತ್ತು. ಆದರೆ ಇವು ವಿನ್ಯಾಸ ನೋಂದಣಿಯಾದ ದಿನಾಂಕಗಳೇ ವಿನಾ ಎರಕ ಹೊಯ್ದ ದಿನಾಂಕಗಳಲ್ಲ. ಅಸಲಿನ ಮೇಲಿದ್ದ ಗುರುತು ನಕಲಿಗೂ ಮಸುಕಾಗಿ ಇಳಿದಿರುತ್ತದೆ. ಗುರುತು ನೋಡಿ ಹಣ ಎಣಿಸಿಕೊಟ್ಟು ಮೋಸಹೋದವರು ಕಡಿಮೆಯೇನಿಲ್ಲ.

ಕೊನೆಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಬೇಕು. ಇಡಿಯಾದ ಎರಕ ನಾದ ಕೊಡುತ್ತದೆ, ಬಿರುಕಿನದು ಮಡಕೆಯಂತೆ ಮಂಕಾಗಿ ಸದ್ದು ಮಾಡುತ್ತದೆ. ಬಿರುಕನ್ನು ಬಣ್ಣದಿಂದ ಮುಚ್ಚಿದ್ದರೂ ಸದ್ದನ್ನು ಮುಚ್ಚಲಾಗದು. ಬೀಡಿಗೆ ಬೆಸುಗೆ ಹಾಕುವುದು ಸಾಮಾನ್ಯ ವೆಲ್ಡರ್‌ನ ಕೆಲಸವಲ್ಲ. ಮೊದಲು ಕಾಯಿಸಿ, ನಿಕ್ಕಲ್ ಎಲೆಕ್ಟ್ರೋಡ್ ಬಳಸಿ, ನಿಧಾನವಾಗಿ ತಣಿಸದಿದ್ದರೆ ಬೆಸುಗೆಯ ಪಕ್ಕದಲ್ಲಿಯೇ ಹೊಸ ಬಿರುಕು ಮೂಡುತ್ತದೆ.

ಶುಚಿಗೊಳಿಸುವಾಗ ಆತುರ ಬೇಡ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಬಹಳ. ಗೃಹಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ ಎಂಬುದನ್ನು ನೆನೆದರೆ ಅದಕ್ಕೆ ಹಿಂದಿನ ಬಣ್ಣಗಳ ಬಗ್ಗೆ ಎಚ್ಚರ ಏಕೆ ಬೇಕೆಂಬುದು ತಿಳಿಯುತ್ತದೆ. ಒಣಗಿದ ಬಣ್ಣವನ್ನು ಗ್ರೈಂಡರ್‌ನಿಂದ ಕೆರೆದು ಧೂಳೆಬ್ಬಿಸುವುದು ಕೆಲಸಗಾರನ ಆರೋಗ್ಯಕ್ಕೆ ಮಾರಕ. ತುಕ್ಕಿಗೆ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ವಸ್ತುವನ್ನು ಮುಳುಗಿಸಿ, ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ಅದಕ್ಕೂ ಧನ ತುದಿಯನ್ನು ಸಾಧಾರಣ ಉಕ್ಕಿನ ತಗಡಿಗೂ ಜೋಡಿಸುವ ವಿಧಾನ ಸುಲಭ. ತಗಡು ಸ್ಟೇನ್‌ಲೆಸ್ ಆಗಿರಕೂಡದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಹೈಡ್ರೋಜನ್ ಹೊರಬೀಳುವುದರಿಂದ ಈ ಕೆಲಸ ಬಯಲಿನಲ್ಲಿ, ಬೆಂಕಿಯಿಂದ ದೂರದಲ್ಲಿ ನಡೆಯಬೇಕು. ನಂತರ ಚೆನ್ನಾಗಿ ಒಣಗಿಸಿ ಕಾಯಿಸಿದ ಅಗಸೆ ಎಣ್ಣೆ ಇಲ್ಲವೇ ಮೇಣ ಸವರಿದರೆ ಮನೆಯೊಳಗಿನ ವಸ್ತುವಿಗೆ ಸಾಕು.

ಕಾನೂನಿನ ಮೂರು ಬಾಗಿಲು

ಮೊದಲನೆಯದು ಪುರಾವಸ್ತು ಮತ್ತು ಕಲಾ ಸಂಪತ್ತು ಕಾಯಿದೆ, 1972. ನೂರು ವರ್ಷಕ್ಕೆ ಕಡಿಮೆಯಿಲ್ಲದ ಕುಶಲ ಕೃತಿಗಳು, ಗತಕಾಲದ ಕಲೆ, ವಿಜ್ಞಾನ, ಕಸುಬುಗಳನ್ನು ತೋರಿಸಿಕೊಡುವ ವಸ್ತುಗಳಷ್ಟೇ ಅಲ್ಲದೆ, ಕಟ್ಟಡದಿಂದ ಬಿಡಿಸಿ ತೆಗೆದ ವಸ್ತುಗಳೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಹಳೆಯ ಬಂಗಲೆ ಕೆಡವಿದಾಗ ಸಿಕ್ಕಿದ ಕಂಬ, ಕಟಕಟೆಗಳ ವ್ಯಾಪಾರಿ ಈ ಮಾತನ್ನು ಎರಡು ಬಾರಿ ಓದಬೇಕು. ಪುರಾವಸ್ತುಗಳ ಮಾರಾಟಕ್ಕೆ ಪರವಾನಗಿ ಅಗತ್ಯ. ಖಾಸಗಿಯವರು ಅವುಗಳನ್ನು ವಿದೇಶಕ್ಕೆ ಕಳುಹಿಸುವಂತೆಯೇ ಇಲ್ಲ. ಕಳುಹಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ. ನೂರು ವರ್ಷದ ಗಡಿಯು ನಿಂತಲ್ಲಿ ನಿಲ್ಲುವುದೂ ಇಲ್ಲ, ಪ್ರತಿವರ್ಷವೂ ಒಂದು ವರ್ಷದ ಸರಕು ಅದರೊಳಗೆ ಸೇರುತ್ತದೆ. ಕಾಯಿದೆ ಜಾರಿಗೆ ಬಂದ 1976ರಲ್ಲಿ 1920ರ ದಶಕದ ಎರಕ ಐವತ್ತರ ಆಸುಪಾಸಿನದಾಗಿತ್ತು. ಈಗ ಅದು ಒಂದೊಂದಾಗಿ ಗಡಿ ದಾಟುತ್ತಿದೆ. ರಫ್ತಿನ ಸರಕಿನ ವಯಸ್ಸಿನ ಬಗ್ಗೆ ಸಂದೇಹವಿದ್ದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಪರಿಣತರ ಸಮಿತಿಯಿಂದ ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆದೇ ಮುಂದುವರಿಯಬೇಕು.

ಎರಡನೆಯದು ರೈಲ್ವೆ ಆಸ್ತಿ ಅಕ್ರಮ ಸ್ವಾಧೀನ ಕಾಯಿದೆ, 1966. ನಿಲ್ದಾಣದ ಆಸನ, ದೀಪ, ಫಲಕಗಳಿಗೆ ಸಂಗ್ರಾಹಕರಲ್ಲಿ ಬೇಡಿಕೆ ಬಹಳ. ಕದ್ದದ್ದೆಂದು ಸಂಶಯಕ್ಕೆ ಆಸ್ಪದವಿರುವ ರೈಲ್ವೆ ವಸ್ತು ಅಂಗಡಿಯಲ್ಲಿ ಸಿಕ್ಕಿದರೆ, ಅದು ನ್ಯಾಯವಾಗಿ ಬಂದದ್ದೆಂದು ರುಜುವಾತುಪಡಿಸುವ ಹೊಣೆ ಅಂಗಡಿಯವನದೇ. ಮೊದಲ ಅಪರಾಧಕ್ಕೇ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ರೈಲ್ವೆ ಹರಾಜಿನ ಕಾಗದಪತ್ರ ಜೊತೆಗಿಲ್ಲದ ವಸ್ತುವನ್ನು ಎಷ್ಟು ಅಗ್ಗಕ್ಕೆ ಬಂದರೂ ಕೊಳ್ಳದಿರುವುದೇ ಲೇಸು. ನಗರಸಭೆಯ ದೀಪಸ್ತಂಭ, ಚರಂಡಿಯ ಮುಚ್ಚಳಗಳ ವಿಷಯದಲ್ಲಿಯೂ ಇದೇ ಜಾಗ್ರತೆ ಸಲ್ಲುತ್ತದೆ.

ಮೂರನೆಯದು ತೆರಿಗೆ. ಬಳಸಿದ ಸರಕಿನ ವ್ಯಾಪಾರಿಗೆ ಜಿಎಸ್‌ಟಿ ನಿಯಮ 32ರ 5ನೆಯ ಉಪನಿಯಮ ಅನುಕೂಲಕರ. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ ತೆರಿಗೆ ಬೀಳುವುದು ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಣ ವ್ಯತ್ಯಾಸದ ಮೇಲೆ ಮಾತ್ರ. 8,000 ರೂಪಾಯಿಗೆ ಕೊಂಡ ಹಳೆಯ ತಕ್ಕಡಿಯನ್ನು 14,000ಕ್ಕೆ ಮಾರಿದರೆ 6,000 ರೂಪಾಯಿಗೆ ತೆರಿಗೆ ಲೆಕ್ಕ. ಆದರೆ ವಸ್ತುವಿನ ಸ್ವರೂಪ ಬದಲಾಗದಂತಹ ಅಲ್ಪಸ್ವಲ್ಪ ದುರಸ್ತಿಗೆ ಮಾತ್ರ ಈ ಸೌಲಭ್ಯ. ಹೊಲಿಗೆಯಂತ್ರದ ಕಾಲನ್ನು ಊಟದ ಮೇಜಾಗಿಸಿದರೆ ಅದು ದುರಸ್ತಿಯೋ ಹೊಸ ತಯಾರಿಕೆಯೋ ಎಂಬ ಪ್ರಶ್ನೆ ಏಳುತ್ತದೆ. ಲೆಕ್ಕ ಪರಿಶೋಧಕರ ಸಲಹೆ ಮೊದಲೇ ಪಡೆಯುವುದು ಕ್ಷೇಮ. ನೂರು ವರ್ಷ ಮೀರಿದ ಪುರಾತನ ವಸ್ತುಗಳಿಗೆ 9706 ಎಂಬ ಪ್ರತ್ಯೇಕ ಸುಂಕಶೀರ್ಷಿಕೆಯೇ ಇದೆ. ಖಾಸಗಿ ಮನೆಯಿಂದ ಕೊಂಡಾಗ ಮಾರಿದವರ ಸಹಿಯುಳ್ಳ ರಸೀದಿ, ವಸ್ತುವಿನ ಛಾಯಾಚಿತ್ರ, ತೂಕ, ಅಳತೆ ಇಷ್ಟನ್ನು ಒಂದೇ ಕಡತದಲ್ಲಿಟ್ಟರೆ ಮೂರೂ ಕಾನೂನುಗಳಿಗೆ ಉತ್ತರ ಸಿದ್ಧವಿದ್ದಂತೆ.

ಎರಕಶಾಲೆಗಳಿಗೆ ಇಲ್ಲಿರುವ ಕೆಲಸ

ಬೆಳಗಾವಿ, ಶಿವಮೊಗ್ಗ ಮೊದಲಾದ ಕಡೆಯ ಎರಕಶಾಲೆಗಳಿಗೆ ಈ ವಹಿವಾಟಿನಲ್ಲಿ ಎರಡು ರೀತಿಯ ಪಾಲಿದೆ. ಹಳೆಯ ಫೌಂಡ್ರಿಗಳ ಅಟ್ಟದಲ್ಲಿ ಸಾಗುವಾನಿಯ ಪ್ಯಾಟರ್ನ್‌ಗಳು ರಾಶಿ ಬಿದ್ದಿರುತ್ತವೆ. ಹಲ್ಲುಚಕ್ರ, ರಾಟೆ, ಪಂಪಿನ ಕವಚಗಳ ಈ ಮರದ ಅಚ್ಚುಗಳನ್ನು ಗೋಡೆಗೆ ತೂಗುಹಾಕಲು ಕೊಳ್ಳುವ ಸಂಗ್ರಾಹಕರಿದ್ದಾರೆ. ಲೋಹದ ಪ್ಯಾಟರ್ನ್ ಬಂದ ಮೇಲೆ ಇವನ್ನು ಒಲೆಗೆ ಹಾಕಿದ ಕಾರ್ಖಾನೆಗಳೂ ಇವೆ. ಸುಡುವ ಮೊದಲು ಒಮ್ಮೆ ಧೂಳು ಒರೆಸಿ ನೋಡುವುದರಿಂದ ನಷ್ಟವೇನಿಲ್ಲ.

ಇನ್ನೊಂದು, ಕಳೆದುಹೋದ ಭಾಗಗಳ ಮರುಎರಕ. ಹಳೆಯ ಸುರುಳಿ ಮೆಟ್ಟಿಲಿನ ಒಂದು ಪಾವಟಿಗೆ, ಕಟಕಟೆಯ ಎರಡು ಎಲೆಗಳು, ತಕ್ಕಡಿಯ ಒಂದು ಕಾಲು ಹೀಗೆ ಬರುವ ಕೆಲಸ ಸಂಖ್ಯೆಯಲ್ಲಿ ಚಿಕ್ಕದು; ದೊಡ್ಡ ಫೌಂಡ್ರಿಗಳು ಅದನ್ನು ಮುಟ್ಟುವುದಿಲ್ಲ. ಸಣ್ಣ ಘಟಕಕ್ಕೆ ಅದು ಕಿಲೋ ದರದಿಂದ ತಪ್ಪಿಸಿಕೊಳ್ಳುವ ದಾರಿ. ಉಳಿದಿರುವ ಎಲೆಯನ್ನೇ ಮರಳಿನಲ್ಲಿ ಒತ್ತಿ ಎರಕ ಹೊಯ್ದರೆ ಹೊಸದು ಕುಗ್ಗಿ, ಬೋಲ್ಟಿನ ರಂಧ್ರಗಳು ಹೊಂದದೆ ಹೋಗುತ್ತವೆ. ಎಲೆಗೆ ಅರಗೋ ಎಪಾಕ್ಸಿಯೋ ಲೇಪಿಸಿ ಆ ಶೇಕಡಾ 1ರಷ್ಟನ್ನು ಕೂಡಿಸಿಕೊಳ್ಳುವುದು ಅಥವಾ ಅಷ್ಟು ಹಿಗ್ಗಿಸಿ ಹೊಸ ಪ್ಯಾಟರ್ನ್ ಕೆತ್ತಿಸುವುದು ಪದ್ಧತಿ. ಹೊಸ ಭಾಗದ ಹಿಂಬದಿಯಲ್ಲಿ ಎರಕದ ವರ್ಷವನ್ನು ಸಣ್ಣ ಅಂಕೆಗಳಲ್ಲಿ ಮೂಡಿಸಿದರೆ, ಮುಂದೆ ಅದನ್ನು ಕೊಳ್ಳುವವನಿಗೆ ಯಾವುದು ಮೂಲದ್ದು, ಯಾವುದು ಸೇರಿಸಿದ್ದು ಎಂದು ಹೇಳಲು ಬೇರೆ ಯಾರೂ ಬೇಕಾಗುವುದಿಲ್ಲ.